ಚೀಟಿಯ ಮೇಲಿನ ಎರಡು ಬೆಲೆ

ಸಿಡ್ನಿಯ ನಡುಪೇಟೆಯಿಂದ ಉತ್ತರಕ್ಕೆ ಸುಮಾರು 10 ಕಿಲೋಮೀಟರ್ ದೂರದ ಚಾಟ್ಸ್‌ವುಡ್‌ನಲ್ಲಿ ರೈಲಿಳಿದು, ವಿಕ್ಟೋರಿಯಾ ಅವೆನ್ಯೂ ಹಿಡಿದು ಪೂರ್ವಕ್ಕೆ ನಡೆದರೆ ಕೆಲವೇ ನಿಮಿಷಗಳಲ್ಲಿ ಎರಡು ದೊಡ್ಡ ಮಾಲ್‌ಗಳು ಎದುರಾಗುತ್ತವೆ. ಮೊದಲು ಸಿಗುವುದು 1987ರಲ್ಲಿ ತೆರೆದ ವೆಸ್ಟ್‌ಫೀಲ್ಡ್, ಅದನ್ನು ದಾಟಿದರೆ 1983ರಲ್ಲಿ ತೆರೆದ ಚಾಟ್ಸ್‌ವುಡ್ ಚೇಸ್. ವೆಸ್ಟ್‌ಫೀಲ್ಡಿನ ಹಲವು ಮಹಡಿಗಳನ್ನು ಹಿಡಿದು ನಿಂತಿರುವುದು ಮಾಯರ್ ಎಂಬ ಡಿಪಾರ್ಟ್‌ಮೆಂಟ್ ಸ್ಟೋರ್. 2019ರ ಮೇ ತಿಂಗಳಲ್ಲಿ ವಾಯವ್ಯ ಮೆಟ್ರೊ ಶುರುವಾದ ಮೇಲೆ ಟಲ್ಲವಾಂಗ್, ರೌಸ್ ಹಿಲ್, ಕೆಲಿವಿಲ್, ಕ್ಯಾಸಲ್ ಹಿಲ್ ಕಡೆ ನೆಲೆಸಿರುವ ಭಾರತೀಯ ಕುಟುಂಬಗಳಿಗೆ ಚಾಟ್ಸ್‌ವುಡ್ ಒಂದೇ ರೈಲಿನ ದಾರಿಯಾಗಿದೆ. ಹಾರ್ನ್ಸ್‌ಬಿಯ ಕಡೆಯವರಿಗೆ ಹಳೆಯ ರೈಲುಮಾರ್ಗ ಮೊದಲಿನಿಂದಲೂ ಇತ್ತು. ಚಳಿಗಾಲದ ಕೋಟು, ಕೆಲಸದ ಸಂದರ್ಶನಕ್ಕೆ ಬೇಕಾದ ಷೂ, ಹೊಸ ಮನೆಗೆ ಹೊದಿಕೆ, ಪಾತ್ರೆ ಎಂದು ಬರುವ ಈ ಕುಟುಂಬಗಳ ಕಣ್ಣಿಗೆ ಅಲ್ಲಿ ಮೊದಲು ಬೀಳುವುದು ಸರಕಿಗೆ ತೂಗುಬಿಟ್ಟ ಚೀಟಿ. ಅದರಲ್ಲಿ ಹಲವು ಬಾರಿ ಎರಡು ಬೆಲೆ ಇರುತ್ತವೆ, ಮೇಲಿನದಕ್ಕೆ ಗೀಟು ಎಳೆದಿರುತ್ತದೆ. ಮಧ್ಯಮ ಬೆಲೆಯ ಇಂಥ ಅಂಗಡಿ ಹೊಸದಾಗಿ ಬಂದವರಿಗೆ ಮಾಡಿದ ದೊಡ್ಡ ಉಪಕಾರವೆಂದರೆ ಯಾರು ಬಂದರೂ ಒಂದೇ ಬೆಲೆ ಎಂಬ ಪದ್ಧತಿ. ವರ್ಷವಿಡೀ ನಿಲ್ಲದ ರಿಯಾಯಿತಿ ಮಾರಾಟ ಆ ಪದ್ಧತಿಯನ್ನು ಒಳಗಿನಿಂದಲೇ ಸವೆಸುತ್ತಿದೆ ಎಂಬುದು ಈ ಬರಹದ ವಾದ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ಕರ್ನಾಟಕದಲ್ಲಿ ‘ಡಿಪಾರ್ಟ್‌ಮೆಂಟಲ್ ಸ್ಟೋರ್’ ಎಂಬ ಬೋರ್ಡು ಕಂಡರೆ ಒಳಗೆ ಸಿಗುವುದು ಬಹುಪಾಲು ಅಕ್ಕಿ, ಬೇಳೆ, ಸೋಪು, ಬಿಸ್ಕತ್ತು. ಆಸ್ಟ್ರೇಲಿಯದಲ್ಲಿ ಆ ಮಾತಿನ ಅರ್ಥವೇ ಬೇರೆ. ಬಟ್ಟೆ, ಷೂ, ಸುಗಂಧ, ಆಟಿಕೆ, ಅಡುಗೆ ಸಾಮಾನು, ಹಾಸಿಗೆ ಹೊದಿಕೆ ಎಲ್ಲವೂ ಬೇರೆ ಬೇರೆ ವಿಭಾಗಗಳಾಗಿ ಒಂದೇ ಸೂರಿನಡಿ ಇದ್ದು, ದಿನಸಿ ಇಲ್ಲದಿರುವ ದೊಡ್ಡ ಅಂಗಡಿ ಅದು. ಅದರಲ್ಲಿ ಮೂರು ಮೆಟ್ಟಿಲುಗಳನ್ನು ಗುರುತಿಸಬಹುದು. ಮೇಲಿನದು ಡೇವಿಡ್ ಜೋನ್ಸ್: 1838ರಲ್ಲಿ ಸಿಡ್ನಿಯಲ್ಲಿ ಶುರುವಾಗಿ ಇಂದಿಗೂ ಅದೇ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿರುವುದು. ಕೆಳಗಿನ ಮೆಟ್ಟಿಲಲ್ಲಿ ಕೇಮಾರ್ಟ್, ಬಿಗ್ ಡಬ್ಲ್ಯೂ, ಟಾರ್ಗೆಟ್. ನಡುವಿನದು ಮಾಯರ್. ಅದರ ಬೆಲೆ ತೀರ ಅಗ್ಗವೂ ಅಲ್ಲ, ಕೈಸುಡುವಂಥದ್ದೂ ಅಲ್ಲ. ಬೆಂಗಳೂರಿನವರಿಗೆ ಹೋಲಿಕೆ ಬೇಕಿದ್ದರೆ ಶಾಪರ್ಸ್ ಸ್ಟಾಪ್ ಅಥವಾ ವೆಸ್ಟ್‌ಸೈಡ್ ನೆನೆಯಬಹುದು. ವೆಸ್ಟ್‌ಸೈಡಿನ ಹುಟ್ಟೇ ಬೆಂಗಳೂರಿನದು. 1998ರಲ್ಲಿ ಟಾಟಾ ಸಮೂಹದ ಟ್ರೆಂಟ್, ಅಲ್ಲಿದ್ದ ಬ್ರಿಟನ್ ಮೂಲದ ಲಿಟಲ್‌ವುಡ್ಸ್ ಅಂಗಡಿಯನ್ನು ಕೊಂಡು ಆ ಹೆಸರಿಟ್ಟಿತು.

ಒಂದೇ ಬೆಲೆಯ ಪದ್ಧತಿ ತಾನಾಗಿ ಬಂದದ್ದಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಕಟ್ಟಿದ ಕ್ವೇಕರ್ ಪಂಥದ ವ್ಯಾಪಾರಿಗಳು, ಒಂದು ಬೆಲೆ ಕೇಳಿ ಇನ್ನೊಂದಕ್ಕೆ ಕೊಡುವುದು ಸುಳ್ಳಾಡಿದಂತೆ ಎಂದು ನಂಬಿ ಚೌಕಾಸಿಯನ್ನು ಕೈಬಿಟ್ಟರು. ಅದನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದ್ದು ಪ್ಯಾರಿಸ್ಸಿನ ಬಾನ್ ಮಾರ್ಷೆ. 1852ರಲ್ಲಿ ಅದರ ಪಾಲುದಾರನಾದ ಅರಿಸ್ಟೀಡ್ ಬೂಸಿಕೋ ಪ್ರತಿ ಸರಕಿಗೂ ಬೆಲೆಚೀಟಿ ಅಂಟಿಸಿದ. ಕೊಳ್ಳದಿದ್ದರೂ ಒಳಗೆ ಬಂದು ಸುತ್ತಾಡಿ ಹೋಗಬಹುದು ಎಂದ, ಒಪ್ಪದ ಸರಕನ್ನು ಹಿಂದಕ್ಕೆ ಪಡೆಯಲೂ ಒಪ್ಪಿದ. ಅಲ್ಲಿಯವರೆಗೆ ಅಂಗಡಿಯ ಹೊಸ್ತಿಲು ದಾಟಿದರೆ ಏನನ್ನಾದರೂ ಕೊಳ್ಳಲೇಬೇಕೆಂಬ ಮುಲಾಜು ಇತ್ತು, ಬೆಲೆ ಎಷ್ಟೆಂಬುದು ಗಿರಾಕಿಯ ಉಡುಪು, ಮಾತು, ಗತ್ತು ನೋಡಿ ತೀರ್ಮಾನವಾಗುತ್ತಿತ್ತು. ಬೆಲೆಚೀಟಿ ಬಂದ ಮೇಲೆ ಮನೆಗೆಲಸದವಳೂ ವಕೀಲನ ಹೆಂಡತಿಯೂ ಒಂದೇ ಮೇಜಿನ ಮುಂದೆ ನಿಂತು ಅದೇ ಬಟ್ಟೆಗೆ ಅದೇ ದುಡ್ಡು ಕೊಡುವಂತಾಯಿತು.

ಕರ್ನಾಟಕದ ಪೇಟೆಗಳಲ್ಲಿ ಬೆಳೆದವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಚಿಕ್ಕಪೇಟೆಯಲ್ಲಾಗಲಿ ಗಾಂಧಿಬಜಾರಿನಲ್ಲಾಗಲಿ ಚೌಕಾಸಿ ಒಂದು ವಿದ್ಯೆ. ಬೋಣಿಯ ಹೊತ್ತಿಗೆ ಹೋದರೆ ಎಷ್ಟು ಇಳಿಯುತ್ತದೆ, ಎದ್ದು ಹೊರಟಂತೆ ಮಾಡಿದರೆ ಯಾವಾಗ ಕರೆಯುತ್ತಾರೆ, ಸೀರೆಯ ಸೆರಗನ್ನು ಯಾವ ಬೆಳಕಿನಲ್ಲಿ ನೋಡಬೇಕು ಎಂಬುದೆಲ್ಲ ತಾಯಿಯಿಂದ ಮಗಳಿಗೆ ಬರುವ ಅರಿವು. ಅದರಲ್ಲಿ ಸೊಗಸಿದೆ, ಮಾತುಕತೆಯಿದೆ, ಎಷ್ಟೋ ಸಲ ತಲೆಮಾರುಗಳ ಸ್ನೇಹವೂ ಇದೆ. ಆದರೆ ಆ ವಿದ್ಯೆ ಇದ್ದವರಿಗಷ್ಟೇ ಅದು ಲಾಭ. ಊರಿಗೆ ಹೊಸಬ, ಭಾಷೆ ಬಾರದವ, ನಾಚಿಕೆಯ ಹುಡುಗ, ಅವಸರದಲ್ಲಿರುವ ರೋಗಿಯ ಮನೆಯವರು ಹೆಚ್ಚು ಕೊಡುತ್ತಾರೆ. ಅವರು ಕೊಟ್ಟ ಹೆಚ್ಚಿನಿಂದಲೇ ಬಲ್ಲವರಿಗೆ ಬೆಲೆ ಇಳಿಯುತ್ತದೆ. ಈ ಲೆಕ್ಕ ಗೊತ್ತಿದ್ದ ಕಾರಣಕ್ಕೇ ನಮ್ಮಲ್ಲೂ ‘ಒಂದೇ ದರ’ ಎಂದು ಬೋರ್ಡು ಬರೆಸಿದ ಅಂಗಡಿಗಳಿಗೆ ಪ್ರತ್ಯೇಕ ಗೌರವ ಸಿಕ್ಕಿತು. ಸಹಕಾರಿ ಜನತಾ ಬಜಾರುಗಳಿಗೆ, ಖಾದಿ ಭಂಡಾರಗಳಿಗೆ, ಮೈಸೂರು ರೇಷ್ಮೆ ಮಾರುವ ಸರ್ಕಾರಿ ಮಳಿಗೆಗಳಿಗೆ ಹೋದವರು ಬೆಲೆಯ ಬಗ್ಗೆ ಮಾತೆತ್ತುತ್ತಿರಲಿಲ್ಲ. ಅಲ್ಲಿ ಮೋಸ ಹೋಗುವುದಿಲ್ಲ ಎಂಬ ನೆಮ್ಮದಿಗಾಗಿಯೇ ಎಷ್ಟೋ ಮಂದಿ ಹೋಗುತ್ತಿದ್ದರು.

ಆಸ್ಟ್ರೇಲಿಯದಲ್ಲಿ ಈ ನೆಮ್ಮದಿಯನ್ನು ನಗರದ ನಡುವಿನಿಂದ ಬಡಾವಣೆಗಳಿಗೆ ತಂದದ್ದು ಎರಡನೆಯ ಮಹಾಯುದ್ಧದ ನಂತರದ ಕಾಲ. ಮಾಯರ್ ಸಂಸ್ಥೆಯ ಕಥೆಯೇ ವಲಸೆಯ ಕಥೆ. ಇಂದಿನ ಬೆಲರೂಸ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಸಿಡ್ನಿ ಮಾಯರ್ 1899ರಲ್ಲಿ ಮೆಲ್ಬರ್ನಿಗೆ ಬಂದಾಗ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಮರುವರ್ಷ ಅಣ್ಣನ ಜೊತೆ ಚಿನ್ನದ ಗಣಿಗಳ ಊರಾದ ಬೆಂಡಿಗೋದಲ್ಲಿ ಅಂಗಡಿ ತೆರೆದು, 1911ರಲ್ಲಿ ಮೆಲ್ಬರ್ನಿನ ಬರ್ಕ್ ಸ್ಟ್ರೀಟಿಗೆ ಬಂದರು. ಅವರು ಕಟ್ಟಿದ ಸಂಸ್ಥೆ 1960ರಲ್ಲಿ ಮೆಲ್ಬರ್ನಿನ ಹೊರವಲಯದಲ್ಲಿ ಚಾಡ್‌ಸ್ಟನ್ ಎಂಬ ದೊಡ್ಡ ಮಾಲನ್ನು ಕಟ್ಟಿತು. ಸಿಡ್ನಿಯಲ್ಲಿ ಅದೇ ಕೆಲಸ ಮಾಡಿದ್ದು 1885ರಲ್ಲಿ ಇಬ್ಬರು ಸೋದರರು ಆರಂಭಿಸಿದ ಗ್ರೇಸ್ ಬ್ರದರ್ಸ್. ಕಾರು, ಹೊಸ ಬಡಾವಣೆ, ಹೊಸ ಸಂಸಾರ ಎಲ್ಲ ಒಟ್ಟಿಗೆ ಹೆಚ್ಚಿದ ಆ ಕಾಲದಲ್ಲಿ ಜನ ಪೇಟೆಗೆ ಬರುವುದನ್ನು ಕಾಯದೆ ಅಂಗಡಿಯೇ ಜನರ ಹತ್ತಿರ ಹೋಯಿತು. 1983ರಲ್ಲಿ ಗ್ರೇಸ್ ಬ್ರದರ್ಸ್ ಮಾಯರ್‌ನ ಕೈ ಸೇರಿತು, 2004ರಲ್ಲಿ ಹೆಸರೂ ಹೋಯಿತು. ಚಾಟ್ಸ್‌ವುಡ್‌ನ ಹಳಬರ ಬಾಯಲ್ಲಿ ಇಂದಿಗೂ ಆ ಹಳೆಯ ಹೆಸರು ಬರುವುದುಂಟು. 2021ರ ಜನಗಣತಿಯ ಪ್ರಕಾರ ಸುಮಾರು 25 ಸಾವಿರ ಜನರಿರುವ, ಅರ್ಧಕ್ಕಿಂತ ಹೆಚ್ಚು ಮಂದಿ ಹೊರದೇಶದಲ್ಲಿ ಹುಟ್ಟಿದವರಾಗಿರುವ ಬಡಾವಣೆ ಇದು. ಇಲ್ಲಿ ಸರಕಿನ ಬೆಲೆ ಗಿರಾಕಿಯ ಉಚ್ಚಾರಣೆಯನ್ನು ಅವಲಂಬಿಸಬಾರದು ಎಂಬುದು ಸಣ್ಣ ಮಾತಲ್ಲ.

ಈಗ ಚೀಟಿಯ ಮೇಲಿನ ಎರಡು ಬೆಲೆಗೆ ಬರೋಣ. ಭಾರತದಿಂದ ಹೊಸದಾಗಿ ಬಂದವರು ಇಲ್ಲಿ ಎಡವುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ನಮ್ಮಲ್ಲಿ ಪೊಟ್ಟಣ ಕಟ್ಟಿದ ಸರಕಿನ ಮೇಲೆ ಎಂಆರ್‌ಪಿ, ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಅಚ್ಚಾಗಿರಲೇಬೇಕು. ಅದಕ್ಕಿಂತ ಹೆಚ್ಚು ಕೇಳುವುದು ಕಾನೂನುಬಾಹಿರ. ಹಾಗಾಗಿ ಮುದ್ರಿತ ಬೆಲೆಯನ್ನು ಸರ್ಕಾರ ಕಾಯುವ ಗಡಿ ಎಂದು ನೋಡುವ ಅಭ್ಯಾಸ ನಮ್ಮದು. ಆಸ್ಟ್ರೇಲಿಯದ ಚೀಟಿಯಲ್ಲಿ ಕಾಣುವ ಆರ್‌ಆರ್‌ಪಿ ಹೆಸರಿನಲ್ಲಿ ಅದಕ್ಕೆ ಹತ್ತಿರವಾದರೂ ಸ್ವಭಾವದಲ್ಲಿ ಬೇರೆ. ಅದು ತಯಾರಕರೋ ಸರಬರಾಜುದಾರರೋ ಶಿಫಾರಸು ಮಾಡಿದ ಬೆಲೆ, ಅಷ್ಟೇ. ಅದನ್ನು ಮೀರಬಾರದೆಂಬ ನಿಯಮವಿಲ್ಲ. ಅದಕ್ಕಿಂತ ಕಡಿಮೆಗೆ ಮಾರಬಾರದೆಂದು ಸರಬರಾಜುದಾರರು ಅಂಗಡಿಯನ್ನು ಕಟ್ಟಿಹಾಕುವಂತೆಯೂ ಇಲ್ಲ. ಆದ್ದರಿಂದ ಆರ್‌ಆರ್‌ಪಿ 200 ಡಾಲರ್, ಈಗ 120 ಎಂದು ಬರೆದದ್ದನ್ನು ಓದಿ 80 ಡಾಲರ್ ಉಳಿಯಿತು ಎಂದುಕೊಂಡವರು ಯಾರೂ ಕೊಡಬೇಕಾಗಿರದ ಬೆಲೆಯ ಎದುರು ಲೆಕ್ಕ ಹಾಕಿರುವ ಸಾಧ್ಯತೆ ಇದೆ. ಗೀಟು ಎಳೆದ ಅಂಕಿ ಸರಕಿನ ಬಗ್ಗೆ ಏನನ್ನೂ ಹೇಳದಿದ್ದರೂ ಮನಸ್ಸಿನಲ್ಲಿ ಕುಳಿತು, ಪಕ್ಕದ ಅಂಕಿಯನ್ನು ಸಣ್ಣದಾಗಿ ಕಾಣಿಸುತ್ತದೆ.

ಇದು ಸಣ್ಣ ಕಣ್ಕಟ್ಟು, ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೇಳಬಹುದು. ಉತ್ತರ 1980ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಹ್ಯಾಲ್ ವೇರಿಯನ್ ಬರೆದ ಒಂದು ಪ್ರಬಂಧದಲ್ಲಿದೆ. ಅದೇ ಸರಕು, ಅದೇ ಅಂಗಡಿ. ಆದರೂ ಬೆಲೆ ಏಕೆ ಮೇಲೆ ಕೆಳಗೆ ಆಡುತ್ತದೆ ಎಂಬುದು ಅವರ ಪ್ರಶ್ನೆ. ಗಿರಾಕಿಗಳಲ್ಲಿ ಎರಡು ಬಗೆ: ಎಲ್ಲಿ ಯಾವಾಗ ಅಗ್ಗ ಎಂದು ಬಲ್ಲವರು, ಅರಿಯದವರು. ಅಂಗಡಿಗೆ ಇಬ್ಬರೂ ಬೇಕು. ಬೆಲೆ ಒಂದೇ ಆಗಿದ್ದರೆ, ಅಥವಾ ಯಾವಾಗ ಇಳಿಯುತ್ತದೆಂದು ಎಲ್ಲರಿಗೂ ಊಹಿಸಲು ಬರುವಂತಿದ್ದರೆ, ಅರಿಯದವರೂ ಕಾಲಕ್ರಮದಲ್ಲಿ ಕಲಿತುಬಿಡುತ್ತಾರೆ. ಆಗಾಗ, ಗೊತ್ತಾಗದಂತೆ, ಇಳಿಸಿ ಏರಿಸುತ್ತಿದ್ದರೆ ಬಲ್ಲವರು ಇಳಿದಾಗ ಬರುತ್ತಾರೆ, ಅರಿಯದವರು ಏರಿದಾಗಲೂ ಕೊಳ್ಳುತ್ತಾರೆ. ವೇರಿಯನ್ ಇದನ್ನು ಗಣಿತದಲ್ಲಿ ತೋರಿಸಿದರು. ಚಿಕ್ಕಪೇಟೆಯ ಭಾಷೆಗೆ ತಂದರೆ, ಇದು ಮಾತಿಲ್ಲದ ಚೌಕಾಸಿ. ವ್ಯಾಪಾರಿ ಎದುರು ಕೂತು ಮುಖ ನೋಡಿ ಬೆಲೆ ಹೇಳುವ ಬದಲು ಕ್ಯಾಲೆಂಡರು ಆ ಕೆಲಸ ಮಾಡುತ್ತದೆ. ಡಿಸೆಂಬರ್ 26ರ ಬಾಕ್ಸಿಂಗ್ ಡೇ, ಹಣಕಾಸು ವರ್ಷ ಮುಗಿಯುವ ಜೂನ್ ತಿಂಗಳ ಸ್ಟಾಕ್‌ಟೇಕ್, ನವೆಂಬರಿನ ಬ್ಲ್ಯಾಕ್ ಫ್ರೈಡೆ, ಸದಸ್ಯರಿಗೆ ಮಾತ್ರ ಎಂಬ ಸಂಜೆಗಳು, ವಾರಾಂತ್ಯದ ಕೂಪನ್ನುಗಳು. ಇವುಗಳ ಲೆಕ್ಕ ಇಟ್ಟವರಿಗೆ ಒಂದು ಬೆಲೆ, ಇಡದವರಿಗೆ ಇನ್ನೊಂದು. ಬೂಸಿಕೋ ಬಾಗಿಲಲ್ಲಿ ಹೊರಗೆ ಕಳಿಸಿದ್ದು ಹಿಂಬಾಗಿಲಿನಿಂದ ಒಳಗೆ ಬಂದಿದೆ.

ಎಲ್ಲ ರಿಯಾಯಿತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ನಮ್ಮ ಆಷಾಢದ ಮಾರಾಟವನ್ನೇ ನೋಡಿ. ಆ ತಿಂಗಳಲ್ಲಿ ಮದುವೆ ಮುಂಜಿಗಳಿಲ್ಲ, ಜವಳಿ ಅಂಗಡಿಗೆ ಜನ ಬರುವುದಿಲ್ಲ, ಶ್ರಾವಣಕ್ಕೆ ಹೊಸ ಸರಕು ಬರುವ ಮುಂಚೆ ಹಳೆಯದು ಖಾಲಿಯಾಗಬೇಕು. ಬೆಲೆ ಏಕೆ ಇಳಿಯಿತು ಎಂಬ ಪ್ರಶ್ನೆಗೆ ಕೊಳ್ಳುವವರಿಗೂ ಮಾರುವವರಿಗೂ ಗೊತ್ತಿರುವ, ಪಂಚಾಂಗದಲ್ಲೇ ಬರೆದಿರುವ ಉತ್ತರ ಅಲ್ಲಿದೆ. ಗಾಂಧಿ ಜಯಂತಿಯ ಹೊತ್ತಿನ ಖಾದಿ ರಿಯಾಯಿತಿಯೂ ಹಾಗೆಯೇ ಎಲ್ಲರಿಗೂ ಗೊತ್ತಿರುವುದು. ಚಾಟ್ಸ್‌ವುಡ್‌ನಲ್ಲೂ ಇಂಥ ಕಾರಣವುಳ್ಳ ರಿಯಾಯಿತಿ ಇದೆ. ದೊಡ್ಡ ಅಂಗಡಿಗಳು ಬಟ್ಟೆಗೆ ತಿಂಗಳುಗಳ ಮುಂಚೆಯೇ ಆರ್ಡರ್ ಕೊಡುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿ ನಿರೀಕ್ಷೆಯಷ್ಟು ಬೀಳದಿದ್ದರೆ ಉಣ್ಣೆಯ ಕೋಟುಗಳು ಹಾಗೆಯೇ ಉಳಿಯುತ್ತವೆ, ವಸಂತದ ಸರಕಿಗೆ ಜಾಗ ಬೇಕಾಗುತ್ತದೆ, ಬೆಲೆ ಇಳಿಯುತ್ತದೆ. ಅಂಥ ಕೋಟನ್ನು ಆಗಸ್ಟಿನಲ್ಲಿ ಕೊಂಡವರು ಜಾಣರು. ಬೇಸರದ ಸಂಗತಿಯೆಂದರೆ ಕಾರಣವುಳ್ಳ ಇಳಿಕೆಯೂ ಕಾರಣವಿಲ್ಲದ ಇಳಿಕೆಯೂ ಒಂದೇ ಬಣ್ಣದ ಚೀಟಿಯಲ್ಲಿ ಬರುತ್ತವೆ. ಇದು ಸರಕು ತೀರಿಸುವ ಬೆಲೆಯೋ ಮುಂದಿನ ತಿಂಗಳು ಮತ್ತೆ ಏರಲಿರುವ ಬೆಲೆಯೋ ಎಂದು ಗಿರಾಕಿಗೆ ತಿಳಿಯುವ ದಾರಿಯಿಲ್ಲ.

ಇಲ್ಲಿಗೆ ಮೊದಲ ದೊಡ್ಡ ಆಕ್ಷೇಪ ಬರುತ್ತದೆ. ರಿಯಾಯಿತಿಯಿಂದ ಲಾಭವಾಗುವುದು ಬಡವರಿಗೇ ಅಲ್ಲವೇ, ದುಡ್ಡಿದ್ದವರು ಪೂರ್ತಿ ಬೆಲೆ ಕೊಡಲಿ, ಇಲ್ಲದವರು ಕಾದು ಕೊಳ್ಳಲಿ ಎಂಬ ವಾದ ಅದು. ಇದರಲ್ಲಿ ಸತ್ಯಾಂಶವಿದೆ. ಸಂಬಳ ಕಡಿಮೆಯಿರುವ ಎಷ್ಟೋ ಮನೆಗಳು ವರ್ಷದ ಬಟ್ಟೆಯನ್ನೆಲ್ಲ ಬಾಕ್ಸಿಂಗ್ ಡೇಗೆ ಕೊಂಡು ಸಂಸಾರ ತೂಗಿಸುತ್ತವೆ, ಅವರ ಜಾಣ್ಮೆಯನ್ನು ಗೌರವಿಸಲೇಬೇಕು. ಆದರೆ ಕಾಯಲು ಬೇಕಾದದ್ದು ಬಡತನವಲ್ಲ. ಬೇಕಾದದ್ದು ಸಮಯ, ಮಾಹಿತಿ, ಮನೆಯಲ್ಲಿ ಈಗಾಗಲೇ ಇರುವ ಒಂದು ಕೋಟು. ಫೆಬ್ರುವರಿಯಲ್ಲಿ ವಿಶ್ವವಿದ್ಯಾಲಯದ ಸೆಮಿಸ್ಟರಿಗೆ ಬೆಂಗಳೂರಿನಿಂದ ಬರುವ ವಿದ್ಯಾರ್ಥಿಗೆ ಅದು ಬೇಸಿಗೆ. ಮೇ ತಿಂಗಳಲ್ಲಿ ಮೊದಲ ಚಳಿ ಹೊಡೆದಾಗ ಅವನ ಬಳಿ ಏನೂ ಇರುವುದಿಲ್ಲ, ಅಂಗಡಿಯಲ್ಲಿ ಆಗ ಇರುವುದು ಋತುವಿನ ಆರಂಭದ ಬೆಲೆ. ಆಗಸ್ಟಿನವರೆಗೆ ಕಾಯಿರಿ ಎಂದು ಅವನಿಗೆ ಹೇಳಲಾಗದು. ಮೊದಲ ಕೆಲಸದ ಸಂದರ್ಶನಕ್ಕೆ ಹೋಗುವವಳಿಗೂ ಇದೇ ಮಾತು. ಕ್ಯಾಲೆಂಡರನ್ನು ಬಲ್ಲವರು ಹೆಚ್ಚಾಗಿ ಇಲ್ಲಿ ಹತ್ತು ವರ್ಷದಿಂದ ಇರುವವರು. ಹೊಸಬರು ಕೊಟ್ಟ ಪೂರ್ತಿ ಬೆಲೆ, ಹಳಬರಿಗೆ ಸಿಗುವ ಇಳಿಕೆಯ ಒಂದು ಪಾಲನ್ನು ಹೊರುತ್ತದೆ. ಬಡವರಿಗೆ ಅನುಕೂಲ ಮಾಡುವುದೇ ಉದ್ದೇಶವಾಗಿದ್ದರೆ ಇದಕ್ಕಿಂತ ನೇರವಾದ ದಾರಿ ಬೆಲೆಯನ್ನೇ ಕಡಿಮೆಯಿಟ್ಟು ಅಲ್ಲಿಯೇ ನಿಲ್ಲಿಸುವುದು.

ಹಾಗೆ ಮಾಡಿದ ಅಂಗಡಿಯೊಂದು ಆಸ್ಟ್ರೇಲಿಯದಲ್ಲೇ ಇದೆ. 2007ರಲ್ಲಿ ವೆಸ್‌ಫಾರ್ಮರ್ಸ್ ಸಂಸ್ಥೆ ಕೋಲ್ಸ್ ಸಮೂಹವನ್ನು ಕೊಂಡಾಗ ಅದರೊಂದಿಗೆ ಬಂದ ಕೇಮಾರ್ಟ್ ಸೊರಗಿತ್ತು. 2008ರಲ್ಲಿ ಅದರ ಮುಖ್ಯಸ್ಥರಾದ, ಮೊದಲು ಮೆಕ್‌ಡೊನಾಲ್ಡ್ಸ್ ನಡೆಸಿದ್ದ ಗೈ ರುಸ್ಸೊ, ರಿಯಾಯಿತಿಯ ಮೇಲೆ ರಿಯಾಯಿತಿ ಕೊಡುವ ರೂಢಿಯನ್ನು ಬಿಡಿಸಿದರು. ಸರಕುಗಳ ಸಂಖ್ಯೆ ಕಡಿಮೆ ಮಾಡಿ, ತಮ್ಮದೇ ಹೆಸರಿನ ಸರಕು ಮಾಡಿಸಿ, ವರ್ಷವಿಡೀ ಒಂದೇ ಕಡಿಮೆ ಬೆಲೆ ಇಟ್ಟರು. ಕೆಲವೇ ವರ್ಷಗಳಲ್ಲಿ ಅದು ವೆಸ್‌ಫಾರ್ಮರ್ಸ್ ಸಮೂಹದ ಲಾಭದ ಕಂಬಗಳಲ್ಲಿ ಒಂದಾಯಿತು. ಅದೇ ಸಮೂಹದ ಟಾರ್ಗೆಟ್ ತತ್ತರಿಸುತ್ತಲೇ ಹೋಗಿ, 2020ರಲ್ಲಿ ಹಲವು ಮಳಿಗೆಗಳನ್ನು ಮುಚ್ಚುವ, ಕೆಲವನ್ನು ಕೇಮಾರ್ಟ್ ಆಗಿ ಬದಲಿಸುವ ತೀರ್ಮಾನವಾಯಿತು. ಕೇಮಾರ್ಟಿನ ಗೆಲುವಿಗೆ ಅಗ್ಗವೇ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅದು ಅರ್ಧ ಮಾತ್ರ ಸರಿ ಎನಿಸುತ್ತದೆ. ಅಲ್ಲಿ ಇವತ್ತು ಕೊಂಡ ಹೊದಿಕೆ ನಾಳೆ ಅರ್ಧ ಬೆಲೆಗೆ ಸಿಕ್ಕಿ ಹೊಟ್ಟೆ ಉರಿಯುವುದಿಲ್ಲ. ಬೆಲೆಯ ಬಗ್ಗೆ ಯೋಚಿಸುವ ಹೊರೆಯೇ ಇಳಿದುಹೋಗುತ್ತದೆ. ಡಿಪಾರ್ಟ್‌ಮೆಂಟ್ ಸ್ಟೋರ್ ಹುಟ್ಟಿದ್ದೇ ಆ ಹೊರೆ ಇಳಿಸಲು. ನಡುವಿನ ಅಂಗಡಿ ಬಿಟ್ಟುಕೊಟ್ಟದ್ದನ್ನು ಕೆಳಗಿನ ಅಂಗಡಿ ಎತ್ತಿಕೊಂಡಿತು.

ನಡುವಿನ ಅಂಗಡಿಗೆ ಇದರಿಂದ ಆದದ್ದೇನು ಎಂಬುದಕ್ಕೆ ಲೆಕ್ಕಪತ್ರಗಳಿವೆ. ಮಾಯರ್ 2009ರಲ್ಲಿ ಷೇರುಪೇಟೆಗೆ ಬಂದಾಗ ಒಂದು ಷೇರಿನ ಬೆಲೆ 4 ಡಾಲರ್ 10 ಸೆಂಟ್. 2018ಕ್ಕೆ ಮುಗಿದ ವರ್ಷದಲ್ಲಿ, ಆಸ್ತಿಯ ಮೌಲ್ಯ ಇಳಿಸಿ ಬರೆದದ್ದೂ ಸೇರಿ, ಸುಮಾರು 486 ಮಿಲಿಯನ್ ಡಾಲರ್ ನಷ್ಟ ತೋರಿಸಿತು. 2020ರ ಮಾರ್ಚಿನಲ್ಲಿ ಷೇರು 20 ಸೆಂಟಿಗೂ ಕೆಳಗೆ ಬಿತ್ತು. ಡೇವಿಡ್ ಜೋನ್ಸನ್ನು 2014ರಲ್ಲಿ ದಕ್ಷಿಣ ಆಫ್ರಿಕದ ವೂಲ್‌ವರ್ತ್ಸ್ ಹೋಲ್ಡಿಂಗ್ಸ್ 200 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡು, 2022ರ ಕೊನೆಯಲ್ಲಿ ಅದರ ಸಣ್ಣ ಪಾಲಿಗೆ ಮಾರಿತು. ಇದಕ್ಕೆಲ್ಲ ರಿಯಾಯಿತಿಯೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ಬಾಡಿಗೆ ಇದೆ, ಇಂಟರ್ನೆಟ್ ಇದೆ, ಝಾರಾ ಯೂನಿಕ್ಲೊಗಳು ಬಂದಿವೆ, ಕೋವಿಡ್ ಬಂತು. ಸಂಬಳವೂ ಸಣ್ಣ ಖರ್ಚಲ್ಲ. 2025ರ ಜುಲೈಯಲ್ಲಿ ದೇಶದ ಕನಿಷ್ಠ ಕೂಲಿಯೇ ಗಂಟೆಗೆ 24 ಡಾಲರ್ 95 ಸೆಂಟ್ ಆಯಿತು. ಆದರೆ ಇವೆಲ್ಲ ಒಟ್ಟಾಗಿ ಒತ್ತಿದಾಗ ಅಂಗಡಿಗಳು ಹುಡುಕಿಕೊಂಡ ಸುಲಭದ ಮದ್ದು ಇನ್ನಷ್ಟು ಇಳಿಕೆ, ಇನ್ನಷ್ಟು ಕಡಿಮೆ ಸಿಬ್ಬಂದಿ. ಕಾಲಿನ ಅಳತೆ ತೆಗೆದು ಷೂ ತೋರಿಸುವವರು, ಈ ಉಣ್ಣೆ ಮಷಿನ್ನಿನಲ್ಲಿ ಒಗೆದರೆ ಕುಗ್ಗುತ್ತದೆ ಎಂದು ಎಚ್ಚರಿಸುವವರು ಕಡಿಮೆಯಾದಂತೆ, ನಡುವಿನ ಬೆಲೆ ಕೊಡಲು ಇದ್ದ ಕಾರಣವೂ ಕಡಿಮೆಯಾಯಿತು. ಕಾರಣ ಕಡಿಮೆಯಾದ ಮೇಲೆ ಬೆಲೆ ಇಳಿಸದೆ ಜನ ಬರುವುದಿಲ್ಲ. ಇದು ಸುತ್ತಿ ಸುತ್ತಿ ತನ್ನ ಬುಡಕ್ಕೇ ಬರುವ ಸುಳಿ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಜನಕ್ಕೆ ರಿಯಾಯಿತಿಯೇ ಬೇಕು, ಅದನ್ನು ತೆಗೆದರೆ ಅಂಗಡಿಯೇ ಮುಳುಗುತ್ತದೆ ಎಂಬುದಕ್ಕೆ ಅಮೆರಿಕದ ಜೆ.ಸಿ. ಪೆನ್ನಿ ಸಾಕ್ಷಿ. ಆ್ಯಪಲ್ ಅಂಗಡಿಗಳನ್ನು ಕಟ್ಟಿದ ರಾನ್ ಜಾನ್ಸನ್ ಅದರ ಮುಖ್ಯಸ್ಥರಾಗಿ 2012ರ ಆರಂಭದಲ್ಲಿ ಕೂಪನ್ನುಗಳನ್ನೂ ಸೇಲುಗಳನ್ನೂ ತೆಗೆದು ನೇರ ಬೆಲೆ ಇಟ್ಟರು. 1,700 ಕೋಟಿ ಡಾಲರ್ ದಾಟಿದ್ದ ವಾರ್ಷಿಕ ಮಾರಾಟ ಒಂದೇ ವರ್ಷದಲ್ಲಿ ಸುಮಾರು 1,300 ಕೋಟಿಗೆ ಕುಸಿಯಿತು. 2013ರ ಏಪ್ರಿಲ್‌ನಲ್ಲಿ ಅವರು ಹೊರನಡೆಯಬೇಕಾಯಿತು. ಅದು ಮಧ್ಯಮ ಬೆಲೆಯ, ಬಡಾವಣೆಗಳ ಮಾಲ್‌ಗಳಲ್ಲಿರುವ ಅಂಗಡಿಯೇ ಆದ್ದರಿಂದ ಈ ಉದಾಹರಣೆಯನ್ನು ತಳ್ಳಿಹಾಕುವಂತಿಲ್ಲ. ಅದರಿಂದ ಕಲಿಯಬೇಕಾದದ್ದು ಇಷ್ಟು. ಗೀಟು ಎಳೆದ ಅಂಕಿಯನ್ನೇ ಗುಣಮಟ್ಟದ ಗುರುತು ಎಂದು ದಶಕಗಳ ಕಾಲ ಕಲಿಸಿದ ಮೇಲೆ, ಪಕ್ಕದ ಅಂಗಡಿ ಅದನ್ನೇ ಮುಂದುವರಿಸುತ್ತಿರುವಾಗ, ಒಂದೇ ಅಂಗಡಿ ರಾತ್ರೋರಾತ್ರಿ ಬಿಟ್ಟರೆ ಅದು ನೇರವಾಗಿದ್ದರೂ ದುಬಾರಿಯಾಗಿ ಕಾಣುತ್ತದೆ. 200ಕ್ಕೆ ಗೀಟು ಎಳೆದು 120 ಎಂದದ್ದರ ಪಕ್ಕದಲ್ಲಿ ಬರಿಯ 110 ಸೋಲುತ್ತದೆ. ಪ್ರಾಮಾಣಿಕವಾಗಿ ನಡೆದವರಿಗೆ ಶಿಕ್ಷೆಯಾಗುವ ಇಂಥ ಪೇಟೆಯನ್ನು ಒಬ್ಬ ವ್ಯಾಪಾರಿಯ ಸದ್ಬುದ್ಧಿಯಿಂದ ಸರಿಪಡಿಸಲಾಗದು. ಅಳತೆಯ ಸೇರು, ತೂಕದ ಬಟ್ಟುಗಳನ್ನು ಹೇಗೆ ಎಲ್ಲ ಅಂಗಡಿಗಳಿಗೂ ಸಮವಾಗಿ ಕಾನೂನು ಗೊತ್ತುಮಾಡಿತೋ ಹಾಗೆಯೇ ಇದೂ ಎಲ್ಲರಿಗೂ ಒಮ್ಮೆಗೇ ಬರಬೇಕು. ಕೇಮಾರ್ಟ್ ಒಂಟಿಯಾಗಿಯೇ ಗೆದ್ದಿತಲ್ಲ ಎಂದರೆ, ಅದು ಮಾರುವುದು ಬಹುಪಾಲು ತನ್ನದೇ ಹೆಸರಿನ ಸರಕು. ಹೋಲಿಸಿ ನೋಡಲು ಬೇರೆಡೆ ಅದೇ ವಸ್ತು ಸಿಗದು. ಹತ್ತು ಕಡೆ ಸಿಗುವ ಬ್ರ್ಯಾಂಡುಗಳನ್ನು ಮಾರುವ ನಡುವಿನ ಅಂಗಡಿಗೆ ಆ ಸ್ವಾತಂತ್ರ್ಯವಿಲ್ಲ.

ಆನ್‌ಲೈನ್ ಬಂದ ಮೇಲೆ ಎಲ್ಲರೂ ಬಲ್ಲವರೇ, ಫೋನ್ ತೆಗೆದು ಹೋಲಿಸಿದರಾಯಿತು ಎನ್ನುವ ಮಾತೂ ಇದೆ. ಫೋನಿನಿಂದ ಅನುಕೂಲವಾಗಿರುವುದು ನಿಜ. ಆದರೆ ಅದು ಇವತ್ತಿನ ಬೆಲೆಗಳನ್ನು ಒಂದರ ಪಕ್ಕ ಒಂದು ತೋರಿಸುತ್ತದೆಯೇ ಹೊರತು, ಹೋದ ತಿಂಗಳು ಇದೇ ಕೋಟು ಎಷ್ಟಕ್ಕೆ ಹೋಗುತ್ತಿತ್ತು ಎಂಬುದನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಗೀಟು ಎಳೆದ ಅಂಕಿಗಳು ಅಲ್ಲಿಯೂ ಇವೆ, ಬೆಲೆ ಅಲ್ಲಿ ಇನ್ನೂ ಬೇಗ ಬದಲಾಗುತ್ತದೆ.

ಆಸ್ಟ್ರೇಲಿಯದ ಕಾನೂನು ಗಿರಾಕಿಯನ್ನು ಕೈಬಿಟ್ಟಿದೆ ಎಂದು ಯಾರೂ ಭಾವಿಸಬಾರದು. 2011ರ ಜನವರಿ 1ರಿಂದ ಜಾರಿಯಲ್ಲಿರುವ ಗ್ರಾಹಕ ಕಾನೂನು ಕೆಲವು ಕಡೆ ನಮ್ಮಲ್ಲಿಗಿಂತ ಗಟ್ಟಿಯಾಗಿದೆ, ಹೊಸಬರಲ್ಲಿ ಬಹಳ ಮಂದಿಗೆ ಅದು ಗೊತ್ತಿರುವುದಿಲ್ಲ. ಚೀಟಿಯ ಬೆಲೆಯಲ್ಲಿ ಶೇಕಡ 10ರ ಜಿಎಸ್‌ಟಿ ಸೇರಿಯೇ ಇರಬೇಕು. ಕೊಂಡ ವಸ್ತುವಿನಲ್ಲಿ ದೊಡ್ಡ ದೋಷವಿದ್ದರೆ ಹಣ ವಾಪಸು ಬೇಕೋ ಬದಲಿ ವಸ್ತು ಬೇಕೋ ಎಂದು ಆರಿಸುವ ಹಕ್ಕು ಗಿರಾಕಿಯದು, ಅದನ್ನು ಸೇಲ್‌ನಲ್ಲಿ ಕೊಂಡಿದ್ದರೂ ಸರಿ. ‘ರಿಯಾಯಿತಿ ಸರಕಿಗೆ ಹಣ ವಾಪಸಿಲ್ಲ’ ಎಂಬ ಫಲಕ ಹಾಕುವಂತಿಲ್ಲ. ಬಿಲ್ಲು ಕಳೆದಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟೂ ಕೊಂಡದ್ದಕ್ಕೆ ಪುರಾವೆಯಾಗಬಹುದು. ಮನಸ್ಸು ಬದಲಾಯಿತು, ಬಣ್ಣ ಒಪ್ಪಲಿಲ್ಲ ಎಂಬ ಕಾರಣಕ್ಕೆ ಹಿಂದಕ್ಕೆ ಪಡೆಯುವುದು ಮಾತ್ರ ಅಂಗಡಿಯ ಔದಾರ್ಯ, ಅದು ಹಕ್ಕಲ್ಲ. ಬೆಲೆಯ ವಿಷಯಕ್ಕೆ ಬಂದರೆ, ತಪ್ಪು ಅಭಿಪ್ರಾಯ ಮೂಡಿಸುವ ಜಾಹೀರಾತನ್ನು ಕಾನೂನು ನಿಷೇಧಿಸುತ್ತದೆ, ‘ಮೊದಲು ಇಷ್ಟಿತ್ತು’ ಎಂದು ಹೇಳಿದ ಬೆಲೆಗೆ ಆ ಸರಕನ್ನು ತಕ್ಕಷ್ಟು ಕಾಲ ನಿಜವಾಗಿಯೂ ಮಾರಾಟಕ್ಕೆ ಇಟ್ಟಿರಬೇಕು. ಆದರೆ ಎಷ್ಟು ಕಾಲ ಎಂಬುದಕ್ಕೆ ದಿನಗಳ ಲೆಕ್ಕ ಗೊತ್ತುಮಾಡಿಲ್ಲ. ಅದು ಪ್ರಕರಣದಿಂದ ಪ್ರಕರಣಕ್ಕೆ ಕೋರ್ಟಿನಲ್ಲಿ ತೀರ್ಮಾನವಾಗಬೇಕು. 2024ರ ಸೆಪ್ಟೆಂಬರಿನಲ್ಲಿ ಸ್ಪರ್ಧೆ ಮತ್ತು ಗ್ರಾಹಕ ಆಯೋಗ, ಬೆಲೆ ಏರಿಸಿ ಸ್ವಲ್ಪ ಕಾಲದ ಮೇಲೆ ಇಳಿಸಿ ಅದನ್ನು ರಿಯಾಯಿತಿ ಎಂದು ತೋರಿಸಿದರೆಂದು ಆರೋಪಿಸಿ ಆಸ್ಟ್ರೇಲಿಯದ ಕೋಲ್ಸ್ ಮತ್ತು ವೂಲ್‌ವರ್ತ್ಸ್ ಸೂಪರ್‌ಮಾರ್ಕೆಟ್‌ಗಳ ಮೇಲೆ ಮೊಕದ್ದಮೆ ಹೂಡಿತು. ಸರ್ಕಾರದ ಆಯೋಗವೇ ನೂರಾರು ಸರಕುಗಳ ಹಳೆಯ ಬೆಲೆ ಕಲೆಹಾಕಿ ಕೋರ್ಟಿಗೆ ಹೋಗಬೇಕಾದರೆ, ಚೀಟಿ ಹಿಡಿದು ನಿಂತ ಒಬ್ಬ ಗಿರಾಕಿ ಏನು ಮಾಡಿಯಾನು?

ಯೂರೋಪಿನ ಒಕ್ಕೂಟ ಇದಕ್ಕೆ ಸರಳ ಉತ್ತರ ಕಂಡುಕೊಂಡಿದೆ. 2022ರ ಮೇ 28ರಿಂದ ಅಲ್ಲಿ ಅನ್ವಯವಾಗುತ್ತಿರುವ ನಿಯಮದ ಪ್ರಕಾರ, ಬೆಲೆ ಇಳಿಸಿದ್ದೇವೆ ಎಂದು ಸಾರುವ ಅಂಗಡಿ ಹಿಂದಿನ ಬೆಲೆಯಾಗಿ ತೋರಿಸಬೇಕಾದದ್ದು ಇಳಿಕೆಗೆ ಮುಂಚಿನ ಕನಿಷ್ಠ 30 ದಿನಗಳಲ್ಲಿ ತಾನು ಇಟ್ಟಿದ್ದ ಅತಿ ಕಡಿಮೆ ಬೆಲೆಯನ್ನು. ಜರ್ಮನಿಯ ಆಲ್ಡಿ ಕುರಿತ ಪ್ರಕರಣದಲ್ಲಿ ಒಕ್ಕೂಟದ ನ್ಯಾಯಾಲಯ 2024ರ ಸೆಪ್ಟೆಂಬರಿನಲ್ಲಿ ಇನ್ನೂ ಸ್ಪಷ್ಟಪಡಿಸಿತು: ಆ ಬೆಲೆಯನ್ನು ಸಣ್ಣ ಅಕ್ಷರದಲ್ಲಿ ನಮೂದಿಸಿದರೆ ಸಾಲದು, ಶೇಕಡಾವಾರು ಇಳಿಕೆಯನ್ನೂ ಅದರ ಮೇಲೆಯೇ ಲೆಕ್ಕ ಹಾಕಬೇಕು. ಈ ನಿಯಮ ಯಾವ ಸೇಲನ್ನೂ ನಿಲ್ಲಿಸುವುದಿಲ್ಲ. ಆಗಸ್ಟಿನಲ್ಲಿ ಉಳಿದ ಕೋಟನ್ನು ಇಳಿಸಿ ಮಾರಲು ಅಡ್ಡಿಯಿಲ್ಲ, ಬಾಕ್ಸಿಂಗ್ ಡೇಯ ಸಾಲುಗಳಿಗೂ ಅಡ್ಡಿಯಿಲ್ಲ. ಇವತ್ತು ಏರಿಸಿ ನಾಳೆ ಇಳಿಸುವ ಆಟಕ್ಕೆ ಮಾತ್ರ ಅರ್ಥವಿರುವುದಿಲ್ಲ. ಜೆ.ಸಿ. ಪೆನ್ನಿಗೆ ಒದಗಿದ ಸಂಕಟವೂ ಇಲ್ಲಿಲ್ಲ, ಏಕೆಂದರೆ ಪಕ್ಕದ ಅಂಗಡಿಯವನಿಗೂ ಅದೇ ನಿಯಮ.

ವ್ಯಾಪಾರಿಗಳು ಇದಕ್ಕೆ ಎತ್ತಬಹುದಾದ ಕೊನೆಯ ಆಕ್ಷೇಪ ಖರ್ಚಿನದು: ಲಕ್ಷಾಂತರ ಸರಕುಗಳ ಹಳೆಯ ಬೆಲೆಯ ಲೆಕ್ಕ ಇಡುವುದು ಹೊರೆ ಎಂಬುದು. ಕೈಯಲ್ಲಿ ಚೀಟಿ ಬರೆದು ಅಂಟಿಸುತ್ತಿದ್ದ ಕಾಲದಲ್ಲಿ ಅದು ಒಪ್ಪತಕ್ಕ ಮಾತಾಗಿತ್ತು. ಇವತ್ತು ಚಾಟ್ಸ್‌ವುಡ್‌ನ ಯಾವುದೇ ದೊಡ್ಡ ಅಂಗಡಿಯ ಕೌಂಟರಿನಲ್ಲಿ ಬಾರ್‌ಕೋಡ್ ಮುಟ್ಟಿಸಿದ ಕೂಡಲೇ ಆ ಸರಕಿನ ಬೆಲೆ, ಅದರ ಮೇಲಿನ ಇಳಿಕೆ, ಸದಸ್ಯರ ಕಾರ್ಡಿಗೆ ಸೇರಬೇಕಾದ ಅಂಕ ಎಲ್ಲ ಕ್ಷಣದಲ್ಲಿ ಬರುತ್ತವೆ. ಯಾರು ಯಾವ ತಾರೀಖು ಎಷ್ಟಕ್ಕೆ ಕೊಂಡರು ಎಂಬುದೂ ದಾಖಲಾಗಿರುತ್ತದೆ, ಮುಂದಿನ ಕೂಪನ್ ಯಾರಿಗೆ ಕಳಿಸಬೇಕೆಂದು ತೀರ್ಮಾನವಾಗುವುದು ಅದರಿಂದಲೇ. ಕಳೆದ 30 ದಿನಗಳ ಅತಿ ಕಡಿಮೆ ಬೆಲೆ ಆ ಕಂಪ್ಯೂಟರಿನೊಳಗೆ ಈಗಾಗಲೇ ಇದೆ. ಮೇ ತಿಂಗಳ ಮೊದಲ ಚಳಿಯಲ್ಲಿ ಕೋಟಿನ ಮುಂದೆ ನಿಂತ ಹುಡುಗನಿಗೆ ಅದು ಕಾಣಬೇಕಾದರೆ ಚೀಟಿಯಲ್ಲಿ ಇನ್ನೊಂದು ಸಾಲು ಅಚ್ಚಾದರೆ ಸಾಕು.